ಉಪಕರಣದ ಹೆಸರು ಮತ್ತು ನಮ್ಮ ನಾಲಗೆ : ‘ಸ್ಫಿಗ್ಮೊಮನಾಮಿಟರ್’ ಪದದ ಉಚ್ಚಾರ ವಿಚಾರ

ಶಾಲೆಯ ವಿಜ್ಞಾನ ಪ್ರಯೋಗಾಲಯದ ಕಪಾಟಿನಲ್ಲಿ ಗಾಜಿನ ಹಿಂದೆ ಇರಿಸಿರುವ ಉಪಕರಣಗಳಿಗೆ ಎರಡು ಬಗೆಯ ಬೀಗಗಳಿರುತ್ತವೆ. ಒಂದು ಕಬ್ಬಿಣದ ಬೀಗ. ಅದರ ಕೀಲಿಕೈ ಪ್ರಯೋಗಾಲಯದ ಸಹಾಯಕರ ಬಳಿ ಇರುತ್ತದೆ. ಇನ್ನೊಂದು ಹೆಸರಿನ ಬೀಗ. ಅದರ ಕೀಲಿಕೈ ಯಾರ ಬಳಿ ಇದೆಯೆಂದು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಕಪಾಟು ತೆರೆದ ಮೇಲೂ ಹೆಸರು ತೆರೆಯದೆ ಉಳಿದರೆ ವಿದ್ಯಾರ್ಥಿಯು ಉಪಕರಣವನ್ನು ಮುಟ್ಟಬಲ್ಲನೇ ಹೊರತು ಅದರ ವಿಷಯವಾಗಿ ನಾಲ್ವರ ಮುಂದೆ ಮಾತನಾಡಲಾರ. ಮೂರು ದಶಕಗಳಿಗೂ ಮಿಕ್ಕಿ ವಿಜ್ಞಾನ ಬೋಧಿಸಿದ ನನಗೆ ಈ ಎರಡನೆಯ ಬೀಗವೇ ಹೆಚ್ಚು ಬಿಗಿಯಾದದ್ದೆಂದು ತೋರಿದೆ. ಪ್ರಸ್ತುತ ಲೇಖನದಲ್ಲಿ ಅಂಥ ಒಂದೇ ಒಂದು ಹೆಸರನ್ನು ಎತ್ತಿಕೊಂಡು, ಅದನ್ನು ಬಿಡಿಸುವ ಬಗೆಯನ್ನು ವಾಚಕರ ಮುಂದಿಡಬಯಸುತ್ತೇನೆ. ಆ ಹೆಸರು ‘ಸ್ಫಿಗ್ಮೊಮನಾಮಿಟರ್’. ಜನರ ಬಾಯಲ್ಲಿ ‘ಬಿ.ಪಿ. ನೋಡುವ ಯಂತ್ರ’.

ಈ ಹೆಸರನ್ನೇ ಆರಿಸಿಕೊಂಡುದಕ್ಕೆ ಸ್ವಂತದ ಕಾರಣವೊಂದುಂಟು. ಕನ್ನಡ ಮಾಧ್ಯಮದಲ್ಲಿ ಪ್ರೌಢಶಾಲೆ ಮುಗಿಸಿ ಪದವಿ ತರಗತಿಗೆ ಸೇರಿದ್ದ ಕಾಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮೇಜಿನ ಮೇಲಿದ್ದ ಈ ಉಪಕರಣವನ್ನು ತೋರಿಸಿ ಪರೀಕ್ಷಕರು ಅದರ ಹೆಸರು ಕೇಳಿದರು. ಅದು ಕೆಲಸ ಮಾಡುವ ವಿಧಾನವನ್ನು ಹಿಂದಿನ ರಾತ್ರಿ ಚಿತ್ರಸಮೇತ ಮೂರು ಸಲ ಬರೆದು ಕಲಿತಿದ್ದೆ. ‘ಬಿ.ಪಿ. ಅಪರೇಟಸ್, ಸರ್’ ಎಂದೆ. ‘ಪೂರ್ಣ ಹೆಸರು?’ ಎಂದರು. ಪುಸ್ತಕದಲ್ಲಿ ಆ ಹೆಸರನ್ನು ನೂರು ಸಲ ಕಣ್ಣಿನಿಂದ ಓದಿದ್ದೆನೇ ಹೊರತು ಒಮ್ಮೆಯೂ ಬಾಯಿಂದ ಓದಿರಲಿಲ್ಲ. ‘ಸ್ಪಿ... ಸ್ಪಿಗ...’ ಎಂದು ತೊದಲಿ ನಿಂತೆ. ಹಿಂದೆ ಸಾಲಿನಲ್ಲಿದ್ದ ಇಬ್ಬರು ನಕ್ಕರು. ಪರೀಕ್ಷಕರು ಕೋಪಿಸಿಕೊಳ್ಳಲಿಲ್ಲ, ಅಂಕಪಟ್ಟಿಯಲ್ಲಿ ಏನೋ ಬರೆದು ಮುಂದಿನವನನ್ನು ಕರೆದರು. ಉಪಕರಣ ಹೇಗೆ ಕೆಲಸ ಮಾಡುತ್ತದೆಂಬ ಪ್ರಶ್ನೆ ನನ್ನ ಬಳಿಗೆ ಬರಲೇ ಇಲ್ಲ. ನಾನು ಬಲ್ಲ ಸಂಗತಿ ನನ್ನಲ್ಲಿಯೇ ಉಳಿಯಿತು. ಆ ದಿನ ಕಳೆದುಕೊಂಡ ಅಂಕಗಳು ಎಷ್ಟೆಂಬುದು ಮರೆತಿದೆ. ಆ ಮೌನ ಮಾತ್ರ ಮರೆತಿಲ್ಲ.

ಉಪಕರಣ ಮತ್ತು ಅದರ ಇತಿಹಾಸ

ಹೆಸರನ್ನು ಬಿಡಿಸುವ ಮೊದಲು ಹೆಸರುಳ್ಳ ವಸ್ತುವನ್ನು ಅರಿಯುವುದು ಯುಕ್ತ. ರಕ್ತವು ಧಮನಿಗಳ ಗೋಡೆಯನ್ನು ಒಂದು ಬಲದಿಂದ ಒತ್ತುತ್ತಿರುತ್ತದೆ. ಈ ಒತ್ತಡವನ್ನು ಅಳೆಯುವ ಮೊದಲ ಪ್ರಸಿದ್ಧ ಪ್ರಯತ್ನ ಮಾಡಿದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಅವನು ಒಂದು ಹೆಣ್ಣುಕುದುರೆಯ ಧಮನಿಗೆ ಹಿತ್ತಾಳೆಯ ಕೊಳವೆಯನ್ನು ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆಯನ್ನು ನೆಟ್ಟಗೆ ಜೋಡಿಸಿದನು. ರಕ್ತವು ನಳಿಗೆಯಲ್ಲಿ 8 ಅಡಿಗಿಂತ ತುಸು ಹೆಚ್ಚು ಎತ್ತರಕ್ಕೆ ಏರಿ ನಿಂತಿತು. ಈ ಪ್ರಯೋಗದ ವಿವರವುಳ್ಳ ಗ್ರಂಥವನ್ನು ಅವನು 1733ರಲ್ಲಿ ಪ್ರಕಟಿಸಿದನು. ಆದರೆ ರೋಗಿಯ ಧಮನಿಯನ್ನು ಕೊಯ್ದು ಎಂಟು ಅಡಿಯ ನಳಿಗೆ ನಿಲ್ಲಿಸುವ ಕ್ರಮವು ಚಿಕಿತ್ಸೆಗೆ ಒದಗುವಂಥದಲ್ಲ.

ಎರಡು ಸುಧಾರಣೆಗಳು ಬೇಕಾಗಿದ್ದವು. ಮೊದಲನೆಯದು ನಳಿಗೆಯ ಎತ್ತರವನ್ನು ಕುಗ್ಗಿಸುವುದು. ಪಾದರಸವು ನೀರಿಗಿಂತ ಸುಮಾರು 13.6 ಪಟ್ಟು ಭಾರವಾದುದರಿಂದ, ನೀರನ್ನು 1.6 ಮೀಟರಿಗೂ ಮೇಲೆತ್ತುವ ಒತ್ತಡವು ಪಾದರಸವನ್ನು ಕೇವಲ 120 ಮಿಲಿಮೀಟರ್ ಎತ್ತುತ್ತದೆ. ಫ್ರಾನ್ಸಿನ ಪ್ವಾಸೆಯ್ 1828ರಲ್ಲಿ ಪಾದರಸದ ನಳಿಗೆಯನ್ನು ಈ ಕೆಲಸಕ್ಕೆ ಬಳಸಿದನು. ಎರಡನೆಯದು ಧಮನಿಯನ್ನು ಕೊಯ್ಯದೆ ಹೊರಗಿನಿಂದಲೇ ಅಳೆಯುವುದು. 1881ರಲ್ಲಿ ಫಾನ್ ಬಾಶ್ ಎಂಬ ವೈದ್ಯನು ಧಮನಿಯ ಮೇಲೆ ಹೊರಗಿನಿಂದ ಒತ್ತಿ, ನಾಡಿಯು ಎಷ್ಟು ಒತ್ತಡಕ್ಕೆ ನಿಲ್ಲುತ್ತದೆಂದು ಅಳೆಯುವ ಸಾಧನವನ್ನು ರಚಿಸಿದನು. 1896ರಲ್ಲಿ ಇಟಲಿಯ ರೀವಾ ರೋಚಿ ತೋಳಿಗೆ ಸುತ್ತುವ, ಗಾಳಿ ತುಂಬುವ ಪಟ್ಟಿಯನ್ನು ಬಳಕೆಗೆ ತಂದನು. ಆದರೂ ಮಣಿಕಟ್ಟಿನ ನಾಡಿಯನ್ನು ಬೆರಳಿನಿಂದ ಹಿಡಿದು ನೋಡುವ ಈ ಕ್ರಮದಲ್ಲಿ ಮೇಲಿನ ಅಂಕಿ ಮಾತ್ರ ದೊರೆಯುತ್ತಿತ್ತು. 1905ರಲ್ಲಿ ರಷ್ಯದ ಶಸ್ತ್ರವೈದ್ಯ ಕೊರೊಟ್ಕಾವ್, ಪಟ್ಟಿಯ ಕೆಳಗೆ ಧಮನಿಯ ಮೇಲೆ ಸ್ಟೆತಾಸ್ಕೋಪನ್ನಿಟ್ಟು ಕಿವಿಗೊಟ್ಟನು. ಪಟ್ಟಿಯ ಗಾಳಿಯನ್ನು ಮೆಲ್ಲನೆ ಬಿಡುತ್ತ ಬಂದಾಗ ಮೊದಲ ಬಡಿತ ಕೇಳಿಸಿದ ಕಡೆ ಮೇಲಿನ ಒತ್ತಡ, ಶಬ್ದ ಅಡಗಿದ ಕಡೆ ಕೆಳಗಿನ ಒತ್ತಡ ಎಂದು ನಿರ್ಣಯವಾಯಿತು. ಇಂದಿಗೂ ವೈದ್ಯರು ಕಿವಿಗೊಟ್ಟು ನೋಡುವಾಗ ಅನುಸರಿಸುವುದು ಈ ಕ್ರಮವನ್ನೇ.

ಅರ್ಥದ ವಿಭಾಗ : ಮೂರು ತುಂಡು

ಈಗ ಹೆಸರಿಗೆ ಬರೋಣ. ಯಾವುದೇ ದೀರ್ಘ ಶಾಸ್ತ್ರಪದವನ್ನು ಎರಡು ಬಗೆಯಲ್ಲಿ ಒಡೆಯಬಹುದು. ಒಂದು ಅರ್ಥದ ಒಡೆತ, ಇನ್ನೊಂದು ಉಚ್ಚಾರದ ಒಡೆತ. ಇವೆರಡೂ ಒಂದೇ ಕಡೆ ಒಡೆಯುವುದಿಲ್ಲವೆಂಬುದನ್ನು ಗಮನಿಸದಿರುವುದೇ ಬಹುಪಾಲು ತೊಡಕಿನ ಮೂಲ.

ಅರ್ಥಕ್ಕನುಸಾರವಾಗಿ ನಮ್ಮ ಪದದಲ್ಲಿ ಮೂರು ಗ್ರೀಕ್ ಘಟಕಗಳಿವೆ: ಸ್ಫಿಗ್ಮೊ, ಮನೊ, ಮೀಟರ್. ‘ಸ್ಫಿಗ್ಮೋಸ್’ ಎಂದರೆ ನಾಡಿಯ ಮಿಡಿತ. ‘ಮನೋಸ್’ ಎಂದರೆ ವಿರಳವಾದುದು, ತೆಳುವಾದುದು. ಅನಿಲಗಳ ವಿರಳತೆಯನ್ನೂ ಒತ್ತಡವನ್ನೂ ಅಳೆಯುವ ಸಾಧನಕ್ಕೆ ‘ಮನಾಮಿಟರ್’ ಎಂಬ ಹೆಸರು ಬಂದುದು ಇದರಿಂದ. ‘ಮೆಟ್ರೋನ್’ ಎಂದರೆ ಅಳತೆ. ನಮ್ಮ ಮಾನ, ಪ್ರಮಾಣ, ಮಾಪಕ ಎಂಬ ಪದಗಳ ಹಿಂದಿರುವ ಸಂಸ್ಕೃತದ ‘ಮಾ’ ಧಾತುವೂ ಈ ಮೆಟ್ರೋನ್ ಪದವೂ ಒಂದೇ ಮೂಲದ ಕವಲುಗಳೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಹೀಗೆ ಪೂರ್ಣ ಪದದ ಅರ್ಥ ‘ನಾಡಿಯ ಒತ್ತಡವನ್ನು ಅಳೆಯುವುದು’ ಎಂದಾಗುತ್ತದೆ. ವಿನೋದವೆಂದರೆ, ರಕ್ತದೊತ್ತಡವನ್ನು ಅಳೆಯುವ ಈ ಸಾಧನದ ಹೆಸರಿನಲ್ಲಿ ‘ರಕ್ತ’ ಎಂಬ ಮಾತೇ ಇಲ್ಲ. ನಾವು ಕನ್ನಡದಲ್ಲಿ ಹೇಳುವ ‘ರಕ್ತದೊತ್ತಡಮಾಪಕ’ವೇ ವಸ್ತುವಿಗೆ ಹೆಚ್ಚು ಹತ್ತಿರವಾದುದು.

ನಾಡಿಯನ್ನು ಸೂಚಿಸುವ ಈ ಗ್ರೀಕ್ ಮೂಲ ಇನ್ನೊಂದು ವೈದ್ಯಕೀಯ ಪದದಲ್ಲಿಯೂ ಅಡಗಿದೆ. ಉಸಿರುಗಟ್ಟುವಿಕೆಗೆ ಹೇಳುವ ‘ಅಸ್ಫಿಕ್ಸಿಯ’ ಎಂಬುದರ ಅಕ್ಷರಶಃ ಅರ್ಥ ‘ನಾಡಿ ಇಲ್ಲದಿರುವಿಕೆ’. ಅದರ ಮೊದಲಿನ ‘ಅ’ಕಾರವು ನಮ್ಮ ಅಸತ್ಯ, ಅಜ್ಞಾನಗಳ ನಿಷೇಧಾರ್ಥಕ ‘ಅ’ಕಾರಕ್ಕೆ ನಿಜವಾದ ಬಂಧು. ವಿದ್ಯಾರ್ಥಿಗಳ ನೆನಪಿಗೆ ನಾನು ‘ಸ್ಫುರಣ’ವೆಂಬ ಪದವನ್ನೂ ಸೂಚಿಸುತ್ತಿದ್ದೆ, ಮಿಡಿಯುವುದೆಂಬ ಅರ್ಥ ಅದಕ್ಕೂ ಇದೆ. ಆದರೆ ಶಬ್ದ ಹೋಲಿದ ಮಾತ್ರಕ್ಕೆ ಬಂಧುತ್ವ ಹೇಳಲಾಗದು. ಇದು ನೆನಪಿನ ಊರುಗೋಲು ಮಾತ್ರ, ವ್ಯುತ್ಪತ್ತಿಯಲ್ಲ.

ಉಚ್ಚಾರದ ವಿಭಾಗ : ಆರು ತುಂಡು

ಅರ್ಥದಲ್ಲಿ ಮೂರಾದ ಪದ ಉಚ್ಚಾರದಲ್ಲಿ ಆರಾಗುತ್ತದೆ: ಸ್ಫಿಗ್ – ಮೊ – ಮ – ನಾ – ಮಿ – ಟರ್. ಒಂದು ಸ್ವರವನ್ನು ಆಶ್ರಯಿಸಿ ಒಂದೇ ಉಸಿರಿನ ತುಡಿತದಲ್ಲಿ ಹೊರಡುವ ಇಂಥ ತುಂಡನ್ನು ಇಂಗ್ಲಿಷಿನಲ್ಲಿ ‘ಸಿಲೆಬಲ್’ ಎನ್ನುತ್ತಾರೆ. ನಾವಿಲ್ಲಿ ಉಚ್ಚಾರಾಂಶವೆಂದು ಕರೆಯೋಣ.

ಕನ್ನಡ ಓದುವವನಿಗೆ ಇಲ್ಲಿ ಒಂದು ಸಂದೇಹ ಬರಬೇಕು. ನಾವು ಬರೆಯುವಾಗ ‘ಸ್ಫಿಗ್ಮೊ’ ಎಂಬಲ್ಲಿ ಎರಡು ಅಕ್ಷರಗಳನ್ನು ಕಾಣುತ್ತೇವೆ: ‘ಸ್ಫಿ’ ಮತ್ತು ‘ಗ್ಮೊ’. ‘ಗ’ಕಾರವು ಬರವಣಿಗೆಯಲ್ಲಿ ಮುಂದಿನ ‘ಮ’ಕಾರವನ್ನು ಒತ್ತಾಗಿ ಹೊತ್ತು ಕುಳಿತಿದೆ. ಆದರೆ ನುಡಿಯುವಾಗ ಅದು ಹಿಂದಿನ ‘ಸ್ಫಿ’ಯೊಡನೆ ಹೋಗುತ್ತದೆ. ಕಣ್ಣಿನ ವಿಭಾಗ ಒಂದು, ಕಿವಿಯ ವಿಭಾಗ ಇನ್ನೊಂದು. ಕಣ್ಣಿನ ವಿಭಾಗವನ್ನೇ ನಂಬಿ ‘ಗ್ಮೊ’ ಎಂದು ಹೊಸದಾಗಿ ಆರಂಭಿಸಹೊರಟ ನಾಲಗೆ ಅಲ್ಲಿಯೇ ತಡವರಿಸುತ್ತದೆ. ನನ್ನ ನಾಲಗೆ ಅಂದು ಎಡವಿದ್ದು ಸರಿಯಾಗಿ ಈ ಹೊಸ್ತಿಲಲ್ಲಿಯೇ.

ಇದು ನಮಗೆ ಹೊಸ ವಿಷಯವೇ? ಖಂಡಿತ ಅಲ್ಲ. ಛಂದಸ್ಸಿನ ಮೊದಲ ಪಾಠದಲ್ಲಿ ಕನ್ನಡ ಪಂಡಿತರು ಪ್ರತಿಯೊಬ್ಬ ವಿದ್ಯಾರ್ಥಿಗೂ ಇದನ್ನು ಕಲಿಸಿದ್ದಾರೆ. ಸಂಯುಕ್ತಾಕ್ಷರದ ಹಿಂದಿನ ಅಕ್ಷರವು ಹ್ರಸ್ವವಾಗಿದ್ದರೂ ಗುರುವಾಗುತ್ತದೆ ಎಂಬುದು ಆ ನಿಯಮ. ‘ಸತ್ಯ’ದಲ್ಲಿ ‘ಸ’ ಗುರು, ‘ಭಕ್ತಿ’ಯಲ್ಲಿ ‘ಭ’ ಗುರು, ‘ಪದ್ಮ’ದಲ್ಲಿ ‘ಪ’ ಗುರು. ಹ್ರಸ್ವಾಕ್ಷರ ಏಕೆ ಗುರುವಾಗಬೇಕು? ಒತ್ತಕ್ಷರದ ಮೊದಲ ವ್ಯಂಜನವು ನುಡಿಯಲ್ಲಿ ಹಿಂದಕ್ಕೆ ಸರಿದು ಅದಕ್ಕೆ ಭಾರ ಕೊಡುವುದರಿಂದ. ನಾವು ಬರೆಯುವುದು ‘ಭ–ಕ್ತಿ’, ನುಡಿಯುವುದು ‘ಭಕ್–ತಿ’. ಬರೆಯುವುದು ‘ಪ–ದ್ಮ’, ನುಡಿಯುವುದು ‘ಪದ್–ಮ’. ಹತ್ತನೆಯ ಶತಮಾನದ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಕನ್ನಡಕ್ಕೆ ಶಾಸ್ತ್ರಮಾಡಿಕೊಟ್ಟ ಛಂದಸ್ಸಿನ ವಿದ್ಯೆಯಲ್ಲಿ ಈ ಲೆಕ್ಕವೆಲ್ಲ ಅಡಗಿದೆ. ಇಂಗ್ಲಿಷ್ ನಿಘಂಟು ಪದದ ನಡುವೆ ಚುಕ್ಕಿಗಳನ್ನಿಟ್ಟು ತೋರಿಸುವುದನ್ನು ನಮ್ಮ ಹುಡುಗರು ಪ್ರಸ್ತಾರ ಹಾಕುವಾಗ ದಿನವೂ ಮಾಡುತ್ತಿದ್ದಾರೆ. ಎರಡೂ ಬಹುಮಟ್ಟಿಗೆ ಒಂದೇ ವಿದ್ಯೆಯೆಂದು ಯಾರೂ ಅವರಿಗೆ ಹೇಳಿಲ್ಲ, ಅಷ್ಟೆ.

ಇನ್ನೂ ಸೂಕ್ಷ್ಮವಾಗಿ ನೋಡಿದರೆ ನಮ್ಮ ಪದದ ಕಠಿಣವೆನಿಸುವ ಎರಡು ಸಂಯೋಗಗಳೂ ಕನ್ನಡಿಗನ ಬಾಯಿಗೆ ಮೊದಲೇ ಒಗ್ಗಿದವುಗಳೇ. ‘ಸ್ಫ’ ನಮಗೆ ಸ್ಫೂರ್ತಿ, ಸ್ಫೋಟ, ಸ್ಫಟಿಕ, ಸ್ಫುಟಗಳಲ್ಲಿ ಪರಿಚಿತ. ‘ಗ್ಮ’ ನಮಗೆ ಯುಗ್ಮ, ವಾಗ್ಮಿಗಳಲ್ಲಿ ಪರಿಚಿತ. ‘ವಾಗ್–ಮಿ’ ಎನ್ನಬಲ್ಲ ನಾಲಗೆ ‘ಸ್ಫಿಗ್–ಮೊ’ ಎನ್ನಲಾರದೆ? ಇಂಗ್ಲಿಷರಿಗಾದರೋ ಪದಾದಿಯ ಈ ‘ಸ್ಫ’ ಮನೆಯ ಧ್ವನಿಯಲ್ಲ. ಗೋಳವನ್ನು ಹೇಳುವ ‘ಸ್ಫಿಯರ್’ ಮೊದಲಾಗಿ ಗ್ರೀಕಿನಿಂದ ತಂದ ಕೆಲವೇ ಪದಗಳಲ್ಲಿ ಅದು ಅವರಿಗೆ ದೊರೆಯುತ್ತದೆ.

‘ಫ’ಕಾರದ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಸ್ಫೂರ್ತಿಯ ‘ಫ’ವು ‘ಪ’ಕಾರದ ಮಹಾಪ್ರಾಣ, ತುಟಿಗಳೆರಡೂ ಕೂಡಿ ಬಿಡುತ್ತವೆ. ಇಂಗ್ಲಿಷ್ ಉಚ್ಚಾರದಲ್ಲಿ ಕೆಳದುಟಿ ಮೇಲಿನ ಹಲ್ಲನ್ನು ಸೋಕಿ ಗಾಳಿ ಜಾರುತ್ತದೆ. ಪ್ರಾಚೀನ ಗ್ರೀಕರು ಈ ವರ್ಣವನ್ನು ನಮ್ಮ ಮಹಾಪ್ರಾಣದಂತೆಯೇ ಉಚ್ಚರಿಸುತ್ತಿದ್ದರು. ಮುಂದೆ ಅದು ಸಡಿಲಗೊಂಡು ಈಗಿನ ರೂಪ ತಾಳಿತು. ಆದುದರಿಂದ ಹಳ್ಳಿಯ ಹುಡುಗನು ಸ್ಫೂರ್ತಿಯ ‘ಸ್ಫ’ದಿಂದ ಈ ಪದವನ್ನು ಆರಂಭಿಸಿದರೆ ನಗಬೇಕಾದುದಿಲ್ಲ. ಆ ಒಂದು ಧ್ವನಿಯಲ್ಲಿ ಅವನು ನಕ್ಕವನಿಗಿಂತ ಪ್ರಾಚೀನ ಗ್ರೀಕಿಗೆ ಹತ್ತಿರವಾಗಿರುತ್ತಾನೆ.

ದನಿಯ ಒತ್ತು : ರಗಣ ಮತ್ತು ಯಗಣ

ಉಚ್ಚಾರಾಂಶಗಳು ತಿಳಿದರೆ ಸಾಲದು. ಇಂಗ್ಲಿಷಿನಲ್ಲಿ ದನಿಯ ಒತ್ತು ಯಾವುದರ ಮೇಲೆ ಬೀಳುತ್ತದೆಂಬುದೂ ತಿಳಿಯಬೇಕು. ಕನ್ನಡದಲ್ಲಿ ನಾವು ಎಲ್ಲ ಅಕ್ಷರಗಳನ್ನೂ ಸುಮಾರಾಗಿ ಸಮಬಲದಿಂದ ನುಡಿಯುತ್ತೇವೆ; ಹ್ರಸ್ವ ದೀರ್ಘಗಳ ಭೇದವೇ ನಮ್ಮಲ್ಲಿ ಪ್ರಧಾನ. ಇಂಗ್ಲಿಷಿನಲ್ಲಿ ಒಂದು ಅಂಶವನ್ನು ಎತ್ತಿ ನುಡಿದು ಉಳಿದವನ್ನು ತಗ್ಗಿಸುತ್ತಾರೆ. ನಮ್ಮ ಪದದಲ್ಲಿ ಮುಖ್ಯ ಒತ್ತು ‘ನಾ’ ಎಂಬುದರ ಮೇಲೆ. ಮೊದಲ ‘ಸ್ಫಿಗ್’ ಮೇಲೆ ಅದಕ್ಕಿಂತ ಹಗುರಾದ ಒತ್ತು. ಉಳಿದವು ನೆರಳಿನಂತೆ ಸರಿದುಹೋಗುತ್ತವೆ. ‘ನಾ’ ಎಂದು ನಾವು ಬರೆಯುವ ಈ ಸ್ವರವು ಡಾಕ್ಟರ್, ಕಾಲೇಜು ಎಂಬಲ್ಲಿ ನಾವು ‘ಆ’ಕಾರದಿಂದ ಬರೆಯುವ ಸ್ವರವೇ.

ಇಲ್ಲಿಯೇ ಅರ್ಥದ ಒಡೆತವು ದಾರಿತಪ್ಪಿಸುವುದು. ‘ಮನೊ’ ಮತ್ತು ‘ಮೀಟರ್’ ಬೇರೆ ಬೇರೆ ಎಂದು ತಿಳಿದವನು ‘ಮೀ’ ಎಂಬುದನ್ನು ದೀರ್ಘವಾಗಿ ಎಳೆದು ಒತ್ತುತ್ತಾನೆ. ಇಂಗ್ಲಿಷ್ ನಾಲಗೆ ಆ ಗೆರೆಯನ್ನು ಲೆಕ್ಕಿಸದೆ, ಕೊನೆಯಿಂದ ಮೂರನೆಯ ಅಂಶವನ್ನು ಎತ್ತಿ ಹಿಡಿಯುತ್ತದೆ. ಥರ್ಮಾಮಿಟರ್, ಬರಾಮಿಟರ್, ಲ್ಯಾಕ್ಟಾಮಿಟರ್, ಗ್ಯಾಲ್ವನಾಮಿಟರ್, ಸ್ಫೆರಾಮಿಟರ್ – ಇವೆಲ್ಲವುಗಳಲ್ಲಿಯೂ ‘ಮಿ’ಗಿಂತ ಹಿಂದಿನ ‘ಆ’ಕಾರದ ಮೇಲೆಯೇ ಒತ್ತು. ‘ಕ್ಯಾಲರಿಮಿಟರ್’ ಎಂಬಲ್ಲಿ ಆ ಸ್ಥಾನದಲ್ಲಿ ‘ಇ’ಕಾರವಿದ್ದರೂ ಒತ್ತು ಅದರ ಮೇಲೆಯೇ.

ಆದರೆ ಕಿಲೊಮೀಟರ್, ಸೆಂಟಿಮೀಟರ್, ಮಿಲಿಮೀಟರ್ ಎಂಬಲ್ಲಿ ಹಾಗಲ್ಲ. ಅಲ್ಲಿ ಒತ್ತು ಪದದ ಮೊದಲಲ್ಲಿದ್ದು ‘ಮೀ’ ದೀರ್ಘವಾಗಿಯೇ ಉಳಿಯುತ್ತದೆ. ಕಾರಣವೇನೆಂದರೆ ಇವು ಅಳೆಯುವ ಸಾಧನಗಳಲ್ಲ, ಅಳತೆಯ ಮಾನಗಳು. ‘ಕಿಲಾಮಿಟರ್’ ಎನ್ನುವವರೂ ಇಂಗ್ಲಿಷ್ ಭಾಷಿಕರಲ್ಲಿ ಉಂಟು. ಅದು ಉಪಕರಣಗಳ ಹೆಸರಿನ ಪ್ರಭಾವದಿಂದ ಬಂದುದು. ಈ ಭೇದದ ಪ್ರಯೋಜನವನ್ನು ಒಂದು ಜೋಡಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ‘ಮೈಕ್ರಾಮಿಟರ್’ ಎಂದರೆ ತಂತಿಯ ದಪ್ಪವನ್ನು ಅಳೆಯುವ ತಿರುಪಿನ ಸಾಧನ. ‘ಮೈಕ್ರೊಮೀಟರ್’ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅಮೆರಿಕದವರು ಎರಡನ್ನೂ ಒಂದೇ ಕಾಗುಣಿತದಲ್ಲಿ ಬರೆಯುತ್ತಾರೆ; ಬೇರ್ಪಡಿಸುವುದು ಉಚ್ಚಾರ ಮಾತ್ರ.

ತರಗತಿಯಲ್ಲಿ ಇದನ್ನು ಹೇಳಿಕೊಡುವಾಗ ನನಗೆ ಮತ್ತೆ ಛಂದಸ್ಸೇ ನೆರವಾಯಿತು. ಉಪಕರಣಗಳ ಹೆಸರಿನ ಕೊನೆಯ ಮೂರು ಅಂಶಗಳನ್ನು ಗುರು ಲಘುಗಳಾಗಿ ಗುರುತಿಸಿ ನೋಡಿರಿ. ‘ನಾ–ಮಿ–ಟರ್’: ಗುರು, ಲಘು, ಗುರು. ‘ರಾ–ಮಿ–ಟರ್’, ‘ಮಾ–ಮಿ–ಟರ್’: ಅದೇ ಗುರು, ಲಘು, ಗುರು. ನಡುವೆ ಲಘುವಿರುವ ಈ ಗಣ ರಗಣ. ಇನ್ನು ಮಾನಗಳ ಹೆಸರಿನ ಕೊನೆ ನೋಡಿರಿ. ‘ಲೊ–ಮೀ–ಟರ್’, ‘ಟಿ–ಮೀ–ಟರ್’, ‘ಕ್ರೊ–ಮೀ–ಟರ್’: ಲಘು, ಗುರು, ಗುರು. ಇದು ಯಗಣ. ಅಳೆಯುವ ಸಾಧನ ರಗಣದಲ್ಲಿ ಮುಗಿಯುತ್ತದೆ, ಅಳತೆಯ ಮಾನ ಯಗಣದಲ್ಲಿ ಮುಗಿಯುತ್ತದೆ – ಇಷ್ಟು ಹೇಳಿಕೊಟ್ಟರೆ ಹುಡುಗರು ಮರೆಯುವುದಿಲ್ಲ. ಮೇಲಿನ ಕ್ಯಾಲರಿಮಿಟರಿನಲ್ಲಿ ಒತ್ತಿನ ಸ್ಥಾನ ಇದೇ ಆದರೂ ‘ರಿ’ ಹ್ರಸ್ವವಾದುದರಿಂದ ಗಣ ಕೂಡುವುದಿಲ್ಲ. ವೋಲ್ಟ್‌ಮೀಟರ್, ಆಮ್ಮೀಟರ್‌ಗಳೂ ಹೊರತು: ಅವುಗಳಲ್ಲಿ ಎರಡು ಪದಗಳನ್ನು ಬೆಸೆಯುವ ನಡುವಣ ಸ್ವರವಿಲ್ಲದುದರಿಂದ ಒತ್ತು ಮೊದಲಲ್ಲಿಯೇ ನಿಂತು ‘ಮೀ’ ದೀರ್ಘವಾಗಿ ಉಳಿದಿದೆ.

ಪೂರ್ಣ ಹೆಸರಿಗೆ ಪ್ರಸ್ತಾರ ಹಾಕಿದರೆ ಇನ್ನೊಂದು ಸೊಗಸು ಕಾಣುತ್ತದೆ. ಸ್ಫಿಗ್ ಗುರು, ಮೊ ಲಘು, ಮ ಲಘು: ಇದು ಭಗಣ. ನಾ ಗುರು, ಮಿ ಲಘು, ಟರ್ ಗುರು: ಇದು ರಗಣ. ಭಯಹುಟ್ಟಿಸುವ ಆ ಹೆಸರು ಒಂದು ಭಗಣ ಮತ್ತು ಒಂದು ರಗಣ, ಅಷ್ಟೆ. ಮತ್ತು ಇಂಗ್ಲಿಷಿನ ಎರಡು ಒತ್ತುಗಳು ಬೀಳುವುದು ಸರಿಯಾಗಿ ಈ ಎರಡು ಗಣಗಳ ಮೊದಲ ಗುರುವಿನ ಮೇಲೆ. ಗುರು ಲಘುಗಳು ಕಾಲದ ಲೆಕ್ಕ, ದನಿಯ ಒತ್ತು ಬಲದ ಲೆಕ್ಕ. ಅವೆರಡೂ ಒಂದೇ ಅಲ್ಲ. ಕೊನೆಯ ‘ಟರ್’ ನಮ್ಮ ಲೆಕ್ಕದಲ್ಲಿ ಗುರುವಾದರೂ ಇಂಗ್ಲಿಷಿನಲ್ಲಿ ಅದರ ಮೇಲೆ ಒತ್ತಿಲ್ಲ. ಈ ಭೇದವನ್ನು ಮರೆಯದೆ ಬಳಸಿದರೆ ಗಣವಿಭಾಗವು ನಂಬಬಹುದಾದ ಕೈಪಿಡಿ.

ಕಲಿಸುವ ಕ್ರಮ

ದೀರ್ಘ ಪದವನ್ನು ಮೊದಲಿನಿಂದ ಓದಹೊರಟರೆ ಉಸಿರು ನಡುವೆ ಮುಗಿಯುತ್ತದೆ, ಧೈರ್ಯವೂ ಅಲ್ಲಿಗೆ ಮುಗಿಯುತ್ತದೆ. ಕೊನೆಯಿಂದ ಕಟ್ಟುತ್ತ ಬರುವುದು ಮೇಲು. ಮೊದಲು ‘ಮಿಟರ್’. ಅನಂತರ ‘ನಾಮಿಟರ್’. ಅನಂತರ ‘ಮನಾಮಿಟರ್’; ಇಲ್ಲಿ ನಿಲ್ಲಬಹುದು, ಏಕೆಂದರೆ ಇದೇ ಒಂದು ಸ್ವತಂತ್ರ ಉಪಕರಣದ ಹೆಸರು. ಬಳಿಕ ಬೇರೆಯಾಗಿ ‘ಸ್ಫಿಗ್–ಮೊ’ ಎಂಬುದನ್ನು ‘ವಾಗ್–ಮಿ’ಯ ನಡೆಯಲ್ಲಿ ನಾಲ್ಕು ಸಲ ನುಡಿಸಬೇಕು. ಕಡೆಗೆ ಎರಡನ್ನೂ ಕೂಡಿಸಬೇಕು: ಸ್ಫಿಗ್ಮೊ–ಮನಾಮಿಟರ್. ಪ್ರತಿ ಹೆಜ್ಜೆಯಲ್ಲಿಯೂ ನಾಲಗೆ ಹೊಸದರಿಂದ ಹೊರಟು ಬಲ್ಲ ನೆಲಕ್ಕೆ ಬಂದು ಸೇರುವುದರಿಂದ ಹೆದರಿಕೆ ತಾನಾಗಿ ಇಳಿಯುತ್ತದೆ. ಇಡೀ ತರಗತಿ ಒಟ್ಟಾಗಿ ಹೇಳಿದ ಮೇಲೆ ಒಬ್ಬೊಬ್ಬರಿಂದ ಹೇಳಿಸಬೇಕು. ಮೊದಲು ಒಬ್ಬನನ್ನೇ ಎಬ್ಬಿಸಿ ನಿಲ್ಲಿಸುವುದು ನನ್ನ ಅನುಭವದಲ್ಲಿ ಕ್ರೂರವಾದ ಕ್ರಮ.

ಮಕ್ಕಳು ಮಾಡುವ ಎರಡು ತಪ್ಪುಗಳು ಸಾಮಾನ್ಯ. ಒಂದು, ಸ್ಕೂಲನ್ನು ‘ಇಸ್ಕೂಲು’ ಎನ್ನುವಂತೆ ಮೊದಲಿಗೆ ‘ಇ’ಕಾರ ಸೇರಿಸುವುದು. ಇನ್ನೊಂದು, ಬಸ್ಸು, ಕಾರು, ಮೀಟರು ಎನ್ನುವಂತೆ ಕೊನೆಗೆ ‘ಉ’ಕಾರ ಸೇರಿಸುವುದು. ಇವನ್ನು ಅಜ್ಞಾನವೆಂದು ಹಳಿಯುವ ಮೊದಲು ನಾವು ಯೋಚಿಸಬೇಕು. ಪದಾದಿಯ ಒತ್ತನ್ನು ಸಡಿಲಿಸುವುದೂ ವ್ಯಂಜನಾಂತಕ್ಕೆ ಸ್ವರ ಸೇರಿಸುವುದೂ ಕನ್ನಡದ ಜಾಯಮಾನ. ಸ್ನೇಹವನ್ನು ನೇಹವಾಗಿ, ಸ್ಥಾನವನ್ನು ತಾಣವಾಗಿ ಮಾಡಿಕೊಂಡ ಭಾಷೆ ನಮ್ಮದು; ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಡುಗಳಿಗೆ ಒಂದು ಪ್ರಕರಣವನ್ನೇ ಮೀಸಲಿರಿಸಿದ್ದಾನೆ. ಹೀಗಿರುವಾಗ ಕನ್ನಡ ವಾಕ್ಯದಲ್ಲಿ ‘ಮೀಟರು’ ಎಂದರೆ ತಪ್ಪಲ್ಲ, ‘ಥರ್ಮಾಮೀಟರು’ ಎಂದು ದೀರ್ಘವೆಳೆದರೂ ತಪ್ಪಲ್ಲ. ಅದು ಆ ಪದ ಕನ್ನಡದ ಮನೆಗೆ ಬಂದು ಮನೆಯ ಉಡುಪು ತೊಟ್ಟ ರೂಪ. ಇಂಗ್ಲಿಷಿನಲ್ಲಿ ಮಾತನಾಡುವ ಸಂದರ್ಭ ಬಂದಾಗ ಆ ಭಾಷೆಯ ನಡೆಯನ್ನು ಅನುಸರಿಸಬೇಕು. ಎರಡೂ ಮರ್ಯಾದೆಗಳನ್ನು ಬಲ್ಲವನಿಗೆ ಎರಡು ಕಡೆಯೂ ಸಂಕೋಚವಿರುವುದಿಲ್ಲ.

ಕನ್ನಡದ ಹೆಸರಿದ್ದ ಮೇಲೆ ಗ್ರೀಕ್ ಹೆಸರಿನ ಶ್ರಮವೇಕೆಂದು ಕೇಳುವವರುಂಟು. ಅರ್ಥ ತಿಳಿಯಲು ‘ರಕ್ತದೊತ್ತಡಮಾಪಕ’ ಸಾಕು. ಮೊದಲು ಕಲಿಸಬೇಕಾದುದೂ ಅದನ್ನೇ. ಆದರೆ ಮುಂದಿನ ಓದಿನಲ್ಲಿ ವಿದ್ಯಾರ್ಥಿಯು ಎದುರಿಸುವುದು ಆ ದೀರ್ಘ ಹೆಸರನ್ನೇ. ಅದು ಬೇಗ ಮರೆಯಾಗುವ ಹೆಸರೂ ಅಲ್ಲ. ಪಾದರಸವು ವಿಷಕಾರಿಯಾದ ಕಾರಣ 2013ರಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂದ ಮಿನಮಾಟ ಅಂತರರಾಷ್ಟ್ರೀಯ ಒಪ್ಪಂದವು, ತಕ್ಕ ಬದಲಿ ದೊರೆಯದ ಸಂದರ್ಭಗಳನ್ನುಳಿದು, ಪಾದರಸವುಳ್ಳ ಈ ಉಪಕರಣಗಳ ತಯಾರಿಕೆಯನ್ನು 2020ರ ಹೊತ್ತಿಗೆ ನಿಲ್ಲಿಸಬೇಕೆಂದು ಗೊತ್ತುಪಡಿಸಿತು. ಭಾರತವೂ 2018ರಲ್ಲಿ ಅದಕ್ಕೆ ಸಮ್ಮತಿ ನೀಡಿದೆ. ಪಾದರಸದ ನಳಿಗೆ ಹಿಂದೆ ಸರಿದು ಮುಳ್ಳಿನ ಮತ್ತು ವಿದ್ಯುನ್ಮಾನದ ಮಾಪಕಗಳು ಮುಂದೆ ಬಂದಿವೆ. ಹೆಸರು ಮಾತ್ರ ಅದೇ ಉಳಿದಿದೆ.

ಉಪಸಂಹಾರ

ಈ ಸಂಪುಟವನ್ನು ಓದುವವರಲ್ಲಿ ಉಪಾಧ್ಯಾಯರಿದ್ದಾರೆ, ಹಳೆಯ ವಿದ್ಯಾರ್ಥಿಗಳಿದ್ದಾರೆ, ಉದಾರ ದಾನಿಗಳಿದ್ದಾರೆ. ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ವಿನಂತಿ. ಪ್ರಯೋಗಾಲಯದ ಪ್ರತಿಯೊಂದು ಉಪಕರಣದ ಕೆಳಗೆ ಒಂದು ಅಂಗೈಯಗಲದ ಚೀಟಿಯನ್ನು ಅಂಟಿಸಿರಿ. ಅದರಲ್ಲಿ ಮೂರು ಸಾಲುಗಳಿರಲಿ: ಮೊದಲ ಸಾಲಿನಲ್ಲಿ ಕನ್ನಡದ ಹೆಸರು, ಎರಡನೆಯದರಲ್ಲಿ ಘಟಕಗಳ ಅರ್ಥ, ಮೂರನೆಯದರಲ್ಲಿ ಒತ್ತಿನ ಗುರುತಿನೊಡನೆ ಕನ್ನಡ ಲಿಪಿಯಲ್ಲಿ ಬಿಡಿಸಿ ಬರೆದ ಉಚ್ಚಾರ. ವಿಜ್ಞಾನದ ಉಪಾಧ್ಯಾಯರೂ ಕನ್ನಡ ಪಂಡಿತರೂ ಕೂಡಿ ಕುಳಿತರೆ ಒಂದು ಶನಿವಾರದ ಮಧ್ಯಾಹ್ನದಲ್ಲಿ ಈ ಕೆಲಸ ಮುಗಿಯುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾಗಿ, ಎಂಜಿನಿಯರರಾಗಿ ಇರುವವರು ಶಾಲೆಗೆ ಬಂದಾಗ ತಮ್ಮ ವೃತ್ತಿಯ ಹತ್ತು ಹೆಸರುಗಳನ್ನು ಮಕ್ಕಳೊಡನೆ ಬಾಯಿಬಿಟ್ಟು ಹೇಳಿಸಲಿ. ದಾನಿಗಳು ಕೊಟ್ಟ ಉಪಕರಣವು ಕಪಾಟನ್ನು ಸೇರಿದ ದಿನ ದಾನದ ಅರ್ಧ ಮಾತ್ರ ಸಂದಿರುತ್ತದೆ. ಒಂದು ಮಗು ನಿಸ್ಸಂಕೋಚವಾಗಿ ಅದರ ಹೆಸರು ಹೇಳಿ ಅದನ್ನು ಕೈಗೆತ್ತಿಕೊಂಡ ದಿನ ಪೂರ್ತಿ ಸಲ್ಲುತ್ತದೆ.

ಸೇವೆಯಿಂದ ನಿವೃತ್ತನಾಗುವ ವರ್ಷ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತ ಎಂಟನೆಯ ತರಗತಿಯ ಹುಡುಗಿಯೊಬ್ಬಳು ವೈದ್ಯರಿಗೆ ಕೇಳಿಸುವಂತೆ ‘ಸ್ಫಿಗ್–ಮೊ–ಮ–ನಾ–ಮಿ–ಟರ್’ ಎಂದು ಗಣ ಬಿಡಿಸಿ ಹೇಳಿದಳು. ವೈದ್ಯರು ಕೈ ನಿಲ್ಲಿಸಿ, ‘ಅದು ಹೇಗೆ ಕೆಲಸ ಮಾಡುತ್ತದೆ, ಹೇಳಮ್ಮ’ ಎಂದು ಕೇಳಿದರು. ನನಗೆ ಬಾರದೆ ಹೋಗಿದ್ದ ಪ್ರಶ್ನೆ ಅವಳಿಗೆ ಬಂದಿತು. ಅವಳು ಉತ್ತರ ಹೇಳತೊಡಗಿದಳು.